ಕವುಚಿ ಜೋಡಿಸುವ ಟೈಲ್ಸು

ನನ್ನ ಗಂಡನಿಗೆ ಬಾರದ ಟೈಲ್ಸಿನ ಕೆಲಸ ಈ ಭೂಮಿಯ ಮೇಲೆ ಇಲ್ಲ. ಇದು ನಾನು ಹೇಳುವ ಮಾತಲ್ಲ, ಅವರೇ ಹೇಳಿಕೊಳ್ಳುವುದು. ಸೌದಿಯ ಈ ಅಲ್ ಖರ್ಜ್‌ನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಇವರು ಮೊದಲು ನೋಡುವುದು ಮನೆಯವರ ಮುಖವಲ್ಲ, ನೆಲ. ಎದುರಿಗೆ ಬಿರಿಯಾನಿ ಬಂದಿರುತ್ತದೆ, ಇವರು ಹಾಸಿದ ಚಾಪೆಯ ಅಂಚು ಎತ್ತಿ, "ಇದನ್ನು ಹಾಕಿದ್ದು ಯಾರು? ಲೆವೆಲ್ ಇಲ್ಲವಲ್ಲ" ಎನ್ನುತ್ತಾರೆ. ಒಮ್ಮೆಯಂತೂ ಮರಣದ ಮನೆಯಲ್ಲಿ ಗೋಡೆಯ ಟೈಲ್ಸನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, "ಒಳಗೆ ಪೊಳ್ಳು" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೆಂದು ಗೊತ್ತಾಗಲಿಲ್ಲ.

ಪುತ್ತೂರಿನ ಕಡೆಯಿಂದ ಸಿಮೆಂಟು ಕಲಸುವ ಕೆಲಸಕ್ಕೆಂದು ಬಂದವರು, ಈಗ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿಯ, ಕಂಪೆನಿಯಲ್ಲಿ ಎಲ್ಲರ ಬಾಯಲ್ಲೂ 'ಮುಅಲ್ಲಿಮ್'. ಅಂದರೆ ಮೇಸ್ತ್ರಿ, ಗುರು, ಎಲ್ಲವೂ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಟೈಲ್ಸಿನ ಡಬ್ಬಗಳು ಬೇರೆ ಬೇರೆ ಸಲ ಸುಟ್ಟು ಬಂದಿರುತ್ತವಂತೆ. ಒಂದೇ ಬಣ್ಣ ಎಂದು ತಂದು ಹಾಕಿದರೆ ನಾಳೆ ನೆಲದಲ್ಲಿ ಒಂದು ಕಡೆ ಗಾಢ, ಒಂದು ಕಡೆ ತಿಳಿ ಕಾಣುತ್ತದೆ. ಇವರ ಕೆಲಸದಲ್ಲಿ ಅಂಥದ್ದು ಒಂದು ದಿನವೂ ಆಗಿಲ್ಲ. "ಮುಅಲ್ಲಿಮ್‌ನ ಕಣ್ಣೆಂದರೆ ಗಿಡುಗನ ಕಣ್ಣು" ಎಂದು ಕಫೀಲ ಬಂದವರಿಗೆಲ್ಲ ಹೇಳುತ್ತಿದ್ದ. ಇವರು ತಲೆ ತಗ್ಗಿಸಿ ವಿನಯದಿಂದ ನಗುತ್ತಿದ್ದರು. ಆ ವಿನಯದ ಗುಟ್ಟು ನನಗೆ ತಿಳಿದದ್ದು ಮದುವೆಯಾಗಿ ಹದಿನೆಂಟು ವರ್ಷ ಆದ ಮೇಲೆ.

ಅದಕ್ಕೆಲ್ಲ ಕಾರಣ ಕಫೀಲನ ತಾಯಿ. ಎಂಬತ್ತರ ಹತ್ತಿರದ ಅಜ್ಜಿ, ಕೈಯಲ್ಲೊಂದು ಕೋಲು, ಬಾಯಲ್ಲಿ ಇಡೀ ಮನೆಯ ಆಡಳಿತ. ಮಕ್ಕಳು ಅವರನ್ನು ಉಜ್ಬೆಕಿಸ್ತಾನದ ಸಮರ್ಕಂದ್ ನೋಡಲು ಕರೆದುಕೊಂಡು ಹೋಗಿದ್ದರು. ಅಲ್ಲಿನ ಹಳೆಯ ಮದ್ರಸಾಗಳ ಗೋಡೆ ನೋಡಿ ಅಜ್ಜಿಗೆ ಮರುಳು ಹಿಡಿಯಿತು. ಐನೂರು ಆರುನೂರು ವರ್ಷ ಹಿಂದಿನ ಟೈಲ್ಸು, ಗೋಡೆ ತುಂಬ ನಕ್ಷತ್ರ, ಬಳ್ಳಿ, ಹೂವು. ಎಲ್ಲವೂ ಸಣ್ಣ ಸಣ್ಣ ಚೂರುಗಳಿಂದ ಕೂಡಿಸಿದ್ದು, ನಿನ್ನೆ ಒರೆಸಿಟ್ಟ ಹಾಗೆ ಹೊಳೆಯುತ್ತವಂತೆ. ವಾಪಸು ಬಂದವರೇ, "ನನ್ನ ಮಜ್ಲಿಸ್‌ನಲ್ಲಿ ಕಹ್ವಾ ಕಾಯಿಸುವ ಮೂಲೆಗೆ ಅಂಥದ್ದೇ ಬೇಕು" ಎಂದರು. ಮಜ್ಲಿಸ್ ಎಂದರೆ ನೆಂಟರು ಕೂರುವ ಹಜಾರ, ಕಹ್ವಾ ಎಂದರೆ ಅವರ ಕಾಫಿ. ಅಂಗಡಿಯಲ್ಲಿ ಹಾಗೇ ಕಾಣುವ ಅಚ್ಚಿನ ಟೈಲ್ಸು ಸಿಗುತ್ತದೆ ಎಂದು ಮಗ ಹೇಳಿದ್ದಕ್ಕೆ, "ಅದನ್ನು ನಿನ್ನ ಬಾತ್‌ರೂಮಿಗೆ ಹಾಕಿಕೋ" ಎಂದರಂತೆ.

ಕೊನೆಗೆ ಮೊರೊಕ್ಕೊದಿಂದ ಒಬ್ಬ ಉಸ್ತಾದನನ್ನು ಕರೆಸಿದರು. ಅಲ್ಲಿ ಈಗಲೂ ಹಳೆಯ ಕ್ರಮದಲ್ಲೇ ಈ ಕೆಲಸ ಮಾಡುವವರು ಇದ್ದಾರೆ. ಅವನು ಸಾವಿರಾರು ಚೂರುಗಳನ್ನು ಅಲ್ಲಿಯೇ ಕತ್ತರಿಸಿ ತಂದಿದ್ದ. ನೆಲದ ಮೇಲೆ ಅಳತೆಗೆ ಸರಿಯಾಗಿ ಚಿತ್ರ ಬರೆದು, ಇವರಿಗೂ ನಾಲ್ಕು ದಿನ ಕೆಲಸ ತೋರಿಸಿದ. ಐದನೆಯ ದಿನ ಅವನ ತಾಯಿಗೆ ಸೀರಿಯಸ್ ಎಂದು ಫೋನು ಬಂತು, ಹೊರಟುಹೋದ. ಅಜ್ಜಿಯ ಮುಖ ಬಾಡಿತು. ಕಫೀಲ ತಲೆಯ ಮೇಲೆ ಕೈಹೊತ್ತು ಕೂತ. ಆಗ ನಮ್ಮ ಮಹಾಶಯರು ಎದೆಯ ಮೇಲೆ ಕೈಯಿಟ್ಟು ಮುಂದೆ ಬಂದು, "ನಾನು ಮಾಡ್ತೇನೆ" ಎಂದುಬಿಟ್ಟರು.

ಆ ದಿನ ಮನೆಗೆ ಬಂದವರ ಮುಖದಲ್ಲಿ ಹೊಸ ಮದುಮಗನ ಕಳೆ. ಚಹಾ ಕುಡಿಯುವ ಮೊದಲೇ ನನಗೂ ಮಗಳಿಗೂ ಪಾಠ ಶುರುವಾಯಿತು. ಹಿಂದಿನವರು ಒಂದೊಂದು ಬಣ್ಣದ ಟೈಲ್ಸನ್ನು ಬೇರೆ ಬೇರೆ ಸುಡುತ್ತಿದ್ದರಂತೆ, ಒಂದೊಂದು ಬಣ್ಣಕ್ಕೂ ಅದರದ್ದೇ ಹದದ ಬೆಂಕಿ ಬೇಕಲ್ಲ. ಸುಟ್ಟ ಮೇಲೆ ಸುತ್ತಿಗೆಯಿಂದ ಕುಟ್ಟಿ ಎಸಳು, ನಕ್ಷತ್ರ, ಪಟ್ಟಿ ಎಂದು ಕತ್ತರಿಸುವುದು. ಆಮೇಲೆ ಜೋಡಿಸುವುದು ನೇರವಾಗಿ ಗೋಡೆಗಲ್ಲ. ನೆಲದ ಮೇಲೆ, ಹೊಳಪಿನ ಮುಖವನ್ನು ಕೆಳಗೆ ಮಾಡಿ, ಕವುಚಿ! ಎಲ್ಲ ಕೂಡಿಸಿದ ಮೇಲೆ ಬೆನ್ನಿಗೆ ಗಾರೆ ಹೊಯ್ದು, ಒಣಗಿದ ಮೇಲೆ ಎತ್ತಿ ನಿಲ್ಲಿಸಿದರೆ ಆಗ ಚಿತ್ರ.

"ಅಂದರೆ ಕೆಲಸ ಮಾಡುವಾಗ ಚಿತ್ರವೇ ಕಾಣುವುದಿಲ್ಲವಾ?" ಎಂದು ಮಗಳು ಕೇಳಿದಳು. ಒಂಬತ್ತನೆಯ ಕ್ಲಾಸು, ಇಂಗ್ಲಿಷಲ್ಲೇ ಕೇಳಿದ್ದು.

"ಎಂತದೂ ಕಾಣುವುದಿಲ್ಲ! ಮೇಲಿಂದ ನೋಡಿದರೆ ಬರೀ ಮಣ್ಣಿನ ಬೆನ್ನು. ಯಾರು ನೋಡಿದರೂ ಅಷ್ಟೇ, ಎಲ್ಲರಿಗೂ ಒಂದೇ ಬಣ್ಣ" ಎಂದು ಇವರು ತೊಡೆ ತಟ್ಟಿದರು. ಇದರಲ್ಲಿ ಅಷ್ಟು ಖುಷಿಪಡುವಂಥದ್ದು ಏನುಂಟು ಎಂದು ನನಗೆ ಅರ್ಥವಾಗಲಿಲ್ಲ.

ಮರುದಿನ ಇವರು ಹೋಗಿ ನೋಡಿದರೆ ಉಸ್ತಾದ ಬಣ್ಣ ಬಣ್ಣವೇ ಬೇರೆ ಮಾಡಿ ಇಟ್ಟಿದ್ದ ತಟ್ಟೆಗಳು ಖಾಲಿ. ಸ್ಟೋರಿನವನು ಭಾರೀ ಅಚ್ಚುಕಟ್ಟಿನ ಮನುಷ್ಯ. ಜಾಗ ಚೊಕ್ಕ ಮಾಡುತ್ತೇನೆಂದು ಎಲ್ಲವನ್ನೂ ಪೈಂಟಿನ ಬಕೆಟ್ಟುಗಳಿಗೆ ಸುರಿದಿದ್ದ. ಇವರು ಅವನಿಗೆ ಬಯ್ಯಲೂ ಇಲ್ಲ. ಎರಡು ಬಕೆಟ್ಟು ಹೊತ್ತುಕೊಂಡು ಸೀದಾ ಮನೆಗೆ ಬಂದರು. "ಸ್ವಲ್ಪ ಕೈ ಪಳಗಿಸಿಕೊಳ್ತೇನೆ" ಎಂದು ನಮ್ಮ ಪುಟ್ಟ ಹಾಲಿನ ನಟ್ಟನಡುವೆ ಹಲಗೆ ಹಾಕಿ ಕೂತರು. ಆ ವಾರ ನಾವು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದ್ದು.

ಮೊದಲ ನಕ್ಷತ್ರ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಸಿದ್ಧವಾಯಿತು. ಎಂಟು ಎಸಳು, ಸುತ್ತ ನೀಲಿ ಪಟ್ಟಿ. ಇನ್ನೊಂದು ಹಲಗೆ ಮೇಲಿಟ್ಟು, ನಾನೊಂದು ಕಡೆ ಅವರೊಂದು ಕಡೆ ಹಿಡಿದು, ದೋಸೆ ಮಗುಚಿದ ಹಾಗೆ ಮಗುಚಿದೆವು. ಉಸ್ತಾದನ ಚಿತ್ರದಲ್ಲಿ ಎಂಟೂ ಎಸಳು ಜೇನು ಬಣ್ಣ. ನಮ್ಮದರಲ್ಲಿ ಐದು ಜೇನು, ಮೂರು ಹಸಿರು. ನನಗೆ ನಗು ತಡೆಯಲಿಲ್ಲ.

"ಇದು ಯಾವ ದೇಶದ ನಕ್ಷತ್ರ ಮಾರಾಯ್ರೆ?" ಎಂದೆ.

"ಎಂತ ಆಯಿತು?"

"ಮೂರು ಹಸಿರು ಸೇರಿದೆಯಲ್ಲ!"

"ಹೌದಾ? ಎಲ್ಲಿ?" ಎಂದರು ಇವರು.

ಎರಡನೆಯ ನಕ್ಷತ್ರ ಇನ್ನೂ ಚೆನ್ನ, ಅರ್ಧಕ್ಕರ್ಧ ಹಸಿರು. ಮಗಳು, "ಉಪ್ಪಾ, ಆರ್ ಯೂ ಸೀರಿಯಸ್?" ಎಂದು ತನ್ನ ರೂಮಿಗೆ ಹೋದಳು. ನಾನು ಕನ್ನಡಕದ ವಯಸ್ಸಾಯಿತು ಎಂದುಕೊಂಡೆ. ಪರೀಕ್ಷೆ ಮಾಡಿಬಿಡೋಣ ಎಂದು ಹಸಿರು, ಜೇನು ಎರಡೂ ಬೆರೆತ ಒಂದು ರಾಶಿಯನ್ನು ಎದುರಿಗೆ ಗುಡ್ಡೆ ಹಾಕಿ, "ಒಂದು ಹಸಿರು ಎಸಳು ಕೊಡಿ ನೋಡುವ" ಎಂದೆ. ಅವರ ಕೈ ರಾಶಿಯ ಮೇಲೆ ಬಂತು. ಒಂದು ಚೂರಿನ ಮೇಲೆ ನಿಂತಿತು, ಅಲ್ಲಿಂದ ಇನ್ನೊಂದಕ್ಕೆ ಹೋಯಿತು. ಅವರ ಕಣ್ಣು ಮಾತ್ರ ರಾಶಿಯ ಮೇಲೆ ಇರಲಿಲ್ಲ, ನನ್ನ ಮುಖದ ಮೇಲಿತ್ತು. ಯಾವ ಚೂರಿನ ಮೇಲೆ ಕೈ ಬಂದಾಗ ನನ್ನ ಮುಖ ಸಡಿಲವಾಗುತ್ತದೆ ಎಂದು ನೋಡುತ್ತಿದ್ದರು. ಆ ಒಂದು ನೋಟದಲ್ಲಿ ನನಗೆ ಎಲ್ಲ ತಿಳಿಯಿತು.

"ನಿಮಗೆ ಈ ಎರಡು ಬಣ್ಣ ಬೇರೆ ಬೇರೆ ಕಾಣುವುದೇ ಇಲ್ಲ ಅಲ್ವಾ?" ಎಂದು ಕೇಳಿದೆ.

ಮೊದಲು ಸಿಟ್ಟು ಮಾಡಿದರು. ಮನೆಯ ಲೈಟು ಸರಿಯಿಲ್ಲ ಎಂದರು. ಮೊರೊಕ್ಕೊದ ಬಣ್ಣವೇ ಹಾಗೆ ಎಂದರು. ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಸಿಗರೇಟು ಮುಗಿಸಿ ಬಂದರು. ಬಂದು ನೆಲದ ಮೇಲೆ ಕೂತು, ಒಂದು ಚೂರನ್ನು ತಿರುಗಿಸುತ್ತ ಹೇಳಿದರು. ನಾಲ್ಕನೆಯ ಕ್ಲಾಸಿನಲ್ಲಿ ಕಂದು ಗರಿಯ, ಹಸಿರು ಕಾಂಡದ ತೆಂಗಿನಮರ ಬರೆದಿದ್ದರಂತೆ. ಮೇಷ್ಟ್ರು ಆ ಹಾಳೆಯನ್ನು ಎತ್ತಿ ಹಿಡಿದು ಇಡೀ ಶಾಲೆಗೆ ತೋರಿಸಿದರಂತೆ. ಅಂದಿನಿಂದ ಬಣ್ಣದ ವಿಷಯ ಬಂದಲ್ಲೆಲ್ಲ ಬೇರೆಯವರು ಬಾಯಿಬಿಡುವ ತನಕ ಕಾಯುವುದು ಅಭ್ಯಾಸವಾಯಿತು. ಟೈಲ್ಸಿನ ಕೆಲಸಕ್ಕೆ ಬಂದ ಮೇಲೆ ಬಲು ಸುಲಭವಾಯಿತು. ಪ್ರತಿ ಡಬ್ಬದ ಮೇಲೂ ಬಣ್ಣದ ನಂಬರು ಅಚ್ಚಾಗಿರುತ್ತದೆ. ಉಳಿದವರು ಕಣ್ಣು ನಂಬಿ ಮೋಸ ಹೋಗುತ್ತಿದ್ದರು, ಇವರು ನಂಬರು ಓದಿ ಹಾಕುತ್ತಿದ್ದರು. ಗಿಡುಗನ ಕಣ್ಣು ಎಂದರೆ ಇದು!

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಮದುವೆ ಗೊತ್ತಾದಾಗ ನನಗೆ ಹಸಿರು ಇಷ್ಟ ಎಂದು ತಿಳಿದು, ಇವರೇ ಆರಿಸಿ ಒಂದು ಸೀರೆ ಕಳಿಸಿದ್ದರು. ಬಂದದ್ದು ಒದ್ದೆ ಗೋಣಿಯ ಬಣ್ಣದ್ದು. ಗಲ್ಫಿನ ಹುಡುಗ ಎಷ್ಟು ಜಿಪುಣ ಎಂದು ನಮ್ಮ ಮನೆಯ ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಆ ಸೀರೆ ಉಟ್ಟುಕೊಂಡೇ ನಾನು ಎರಡು ವರ್ಷ ಇವರನ್ನು ಮನಸ್ಸಿನಲ್ಲಿ ಬಯ್ದಿದ್ದೇನೆ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಒಂದೇ ಬಟ್ಟಲಲ್ಲಿ ಉಂಡವಳಿಗೂ ಹೇಳಬಾರದೇ? ನಾನು ಕೇಳಿಯೇ ಕೇಳಿದೆ.

"ಹೇಳಿದರೆ ನೀನು ನಗ್ತೀ ಅಂತ" ಎಂದರು.

ಹೌದು, ನಗುತ್ತಿದ್ದೆ. ಅದು ಸುಳ್ಳಲ್ಲ. ಅದಕ್ಕೇ ನನಗೆ ಹೆಚ್ಚು ನೋವಾದದ್ದು.

"ಹಾಗಿದ್ದರೆ ಈ ಕೆಲಸ ಮೈಮೇಲೆ ಎಳೆದುಕೊಂಡದ್ದು ಎಂತಕ್ಕೆ?" ಎಂದೆ.

"ಕವುಚಿ ಹಾಕುವುದಲ್ವಾ, ಎಲ್ಲ ಮಣ್ಣಿನ ಬಣ್ಣವೇ ಅಲ್ವಾ ಅಂತ."

"ಅಲ್ಲ ಮಾರಾಯ್ರೆ, ಕವುಚುವ ಮೊದಲು ಯಾರಾದರೂ ಒಮ್ಮೆ ಮುಖ ನೋಡಿ ಆರಿಸಬೇಕಲ್ಲ!"

ಇವರು ಬಾಯಿ ತೆರೆದು ನನ್ನನ್ನೇ ನೋಡಿದರು. "ಅದು ಹೊಳೀಲಿಲ್ಲ. ತಟ್ಟೆಗಳಲ್ಲಿ ಬೇರೆ ಬೇರೆ ಇತ್ತಲ್ಲ" ಎಂದರು. ಆಗ ಮಾತ್ರ ಇಬ್ಬರೂ ನಕ್ಕೆವು, ನಾನಂತೂ ಕಣ್ಣಲ್ಲಿ ನೀರು ಬರುವಷ್ಟು.

ನಕ್ಕು ಮುಗಿದ ಮೇಲೆ ಹೆದರಿಕೆಯಾಯಿತು. ಒಪ್ಪಿಕೊಂಡದ್ದನ್ನು ಬಿಡುವ ಹಾಗಿಲ್ಲ. ಅಜ್ಜಿ ದಿನಕ್ಕೆ ಎರಡು ಸಲ ಕೇಳುತ್ತಿದ್ದಾರೆ. ಮುಅಲ್ಲಿಮ್‌ಗೆ ಬಣ್ಣವೇ ಕಾಣುವುದಿಲ್ಲ ಎಂದಾದರೆ ಟೈಲ್ಸಿನ ಕಂಪೆನಿಗೆ ಅವರು ಎಂತಕ್ಕೆ ಬೇಕು? ಆ ವರ್ಷ ಹಳಬರನ್ನು ಒಬ್ಬೊಬ್ಬರಾಗಿ ಕಳಿಸುತ್ತಲೂ ಇದ್ದರು. ಇವರ ಇಕಾಮಾ, ಇಲ್ಲಿರುವ ಪರವಾನಗಿ, ಹೋದರೆ ನಾವು ಮೂವರೂ ಊರಿಗೆ, ಮಗಳಿಗೆ ಮುಂದಿನ ವರ್ಷ ಹತ್ತನೆಯ ಪರೀಕ್ಷೆ. "ನಾನು ಬರ್ತೇನೆ, ನಾನು ಆರಿಸಿ ಕೊಡ್ತೇನೆ" ಎಂದೆ. ಇವರು ಬೇಡ ಎನ್ನಲಿಲ್ಲ. ಬೇಡ ಎನ್ನದಿರುವುದೇ ಇವರ ಭಾಷೆಯಲ್ಲಿ ಕೈಮುಗಿದ ಹಾಗೆ.

ಚೂರು ಚೆಲ್ಲಾಪಿಲ್ಲಿಯಾಗಿದೆ, ಹೆಂಡತಿಯ ಕೈ ಚುರುಕು, ಸಹಾಯಕ್ಕೆ ಕರೆತರಲೇ ಎಂದು ಇವರು ಅಜ್ಜಿಯನ್ನು ಕೇಳಿದರು. ಅಜ್ಜಿಗೆ ಮಾತಿಗೆ ಜನ ಬೇಕಿತ್ತು, ಖುಷಿಯಿಂದ ಒಪ್ಪಿದರು. ಹಾಗೆ ನಾನು ಎರಡು ವಾರ ಆ ಮಜ್ಲಿಸ್‌ನ ಮೂಲೆಯಲ್ಲಿ ಕೂತು, ಅಕ್ಕಿ ಆರಿಸಿದ ಹಾಗೆ ಚೂರು ಆರಿಸಿದೆ. ಒಂದೊಂದರ ಮಣ್ಣಿನ ಬೆನ್ನ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದಕ್ಷರ ಬರೆದೆ. ಹಸಿರಿಗೆ 'ಹ', ಜೇನಿಗೆ 'ಜೇ', ನೀಲಿಗೆ 'ನೀ', ಬಿಳಿಗೆ 'ಬಿ'. ಮತ್ತೆ ಇವರ ಕೆಲಸ ನೋಡಬೇಕಿತ್ತು! ಅಕ್ಷರ ನೋಡುವುದು, ಹೆಬ್ಬೆರಳಿನಿಂದ ಅಂಚು ಸವರುವುದು, ಇಡುವುದು. ಕೂದಲು ತೂರದಷ್ಟು ಬಿಗಿ. ಒಮ್ಮೆ ಕಫೀಲ ಬಗ್ಗಿ ನೋಡಿ, ಇದೆಂಥ ಬರಹ ಎಂದು ಕೇಳಿದ. "ನಮ್ಮ ಊರಿನ ಕ್ರಮ" ಎಂದರು ಇವರು, ಮುಖದ ಒಂದು ಗೆರೆ ಅಲುಗಿಸದೆ.

ಅಜ್ಜಿ ಕಹ್ವಾ ಹೊಯ್ದು ಕೊಡುತ್ತ ಸಮರ್ಕಂದ್ ಸುದ್ದಿ ಹೇಳುತ್ತಿದ್ದರು. ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆ. ಆ ಕಾಲದ ಉಸ್ತಾದರ ಹಿಂದೆಯೂ ಹೀಗೆ ಯಾರಾದರೂ ಕಾಲು ಜೋಮು ಹಿಡಿಸಿಕೊಂಡು ಆರಿಸಿ ಕೊಟ್ಟಿರಬೇಕು ಎಂದು ನನಗೆ ಅನ್ನಿಸುತ್ತಿತ್ತು. ಇವರಿಗೆ ಹೇಳಿದರೆ, "ಕೊಟ್ಟಿರಬಹುದು, ಆದರೆ ಇಷ್ಟು ಮಾತಾಡಿರಲಿಕ್ಕಿಲ್ಲ" ಎಂದರು.

ಗಾರೆ ಹೊಯ್ದು ಐದು ದಿನ ಬಿಟ್ಟು, ಅಸರ್ ನಮಾಜು ಮುಗಿಸಿ ಎತ್ತುವುದೆಂದಾಯಿತು. ಆರು ಜನ ಕೆಲಸದವರು ಹಿಡಿದರು. ಕಫೀಲ ಬಂದ, ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತರು. ಇವರು ಬಿಸ್ಮಿಲ್ಲಾ ಎಂದರು, "ಯಲ್ಲಾ" ಎಂದರು. ಚಿತ್ರ ಎದ್ದು ಗೋಡೆಗೆ ತಾಗಿ ನಿಂತಿತು. ನಾನೇ ಮುಟ್ಟಿ ಮುಟ್ಟಿ ಕೊಟ್ಟ ಚೂರುಗಳು, ಆದರೂ ನನಗೆ ಗುರುತೇ ಸಿಗಲಿಲ್ಲ. ನಡುವೆ ದೊಡ್ಡ ನಕ್ಷತ್ರ, ಅದರಿಂದ ಹನ್ನೆರಡು, ಅವುಗಳಿಂದ ಇನ್ನಷ್ಟು, ನೀಲಿಯ ಮೇಲೆ ಹಸಿರಿನ ಬಳೆ. ಅಷ್ಟು ಚಂದವನ್ನು ನನ್ನ ಜೀವಮಾನದಲ್ಲಿ ನಾನು ಮುಟ್ಟಿದ್ದಿಲ್ಲ. ಕೆಲಸದವರೆಲ್ಲ ಮಾಶಾ ಅಲ್ಲಾ ಎಂದರು.

ಅಜ್ಜಿ ಮಾತ್ರ ಕೋಲು ಎತ್ತಿ ಅತ್ತ ತೋರಿಸಿ, "ಅಲ್ಲೊಬ್ಬ ಪರದೇಶಿ ಕೂತಿದ್ದಾನಲ್ಲ" ಎಂದರು.

ಎಲ್ಲರಿಗೂ ಕಂಡಿತು. ನನಗೂ ಕಂಡಿತು. ಬಲಗಡೆ, ಆಳೆತ್ತರದಲ್ಲಿ, ಹಸಿರು ಎಸಳುಗಳ ಬಳೆಯಲ್ಲಿ ಒಂದೇ ಒಂದು ಜೇನು ಬಣ್ಣದ್ದು. ಆ ಬಳೆಗೆ ಆರಿಸಿ ಕೊಡುವ ದಿನ ಊರಿನಿಂದ ತಂಗಿಯ ಫೋನು ಬಂದಿತ್ತು. ಮದುವೆಯೊಂದರಲ್ಲಿ ಯಾರು ಯಾರ ಹತ್ತಿರ ಮಾತು ಬಿಟ್ಟರು ಎಂಬ ಸುದ್ದಿ. ಫೋನನ್ನು ಭುಜಕ್ಕೆ ಒತ್ತಿ ಹಿಡಿದು, ನಗುತ್ತ ನಗುತ್ತ, ಜೇನಿನ ಬೆನ್ನಿಗೆ 'ಹ' ಬರೆದಿದ್ದೆ.

ಕಫೀಲ ನನ್ನ ಕಡೆ ತಿರುಗಿ, "ಮದಾಮಿನ ಕಣ್ಣಿಗೆ ಡಾಕ್ಟರ್ ಬೇಕು ಅಂತ ಕಾಣ್ತದೆ" ಎಂದ. ತಮಾಷೆಯೇ ಇರಬಹುದು. ಆದರೆ ಆರು ಜನ ಕೆಲಸದವರೂ ನಕ್ಕರು. ತಪ್ಪು ನನ್ನದೇ, ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಇವರು ಮುಂದೆ ಬಂದರು.

"ಅವಳ ಕಣ್ಣು ಸರಿ ಉಂಟು. ನನ್ನದು ಸರಿ ಇಲ್ಲ" ಎಂದರು, ತಮಗೆ ಬರುವ ಅರಬ್ಬಿಯಲ್ಲಿ, ನಿಧಾನವಾಗಿ. "ನನಗೆ ಹುಟ್ಟಿನಿಂದ ಈ ಎರಡು ಬಣ್ಣ ಗೊತ್ತಾಗುವುದಿಲ್ಲ. ಈಗಲೂ ಆ ತಪ್ಪು ಎಲ್ಲಿದೆ ಎಂದು ನನಗೆ ಕಾಣುತ್ತಿಲ್ಲ. ಅವಳು ಇಲ್ಲದಿದ್ದರೆ ಈ ಗೋಡೆಯೇ ಆಗುತ್ತಿರಲಿಲ್ಲ."

ಯಾರೂ ನಗಲಿಲ್ಲ. ಕಫೀಲ ಗಡ್ಡ ಸವರಿದ. ಇವರನ್ನು ನೋಡಿದ, ಗೋಡೆ ನೋಡಿದ, ಮತ್ತೆ ಇವರನ್ನು ನೋಡಿದ. ನನಗೆ ಮಗಳ ಶಾಲೆ, ಸೂಟ್‌ಕೇಸು, ವಿಮಾನ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ಹಾಗಾದರೆ ನನ್ನ ಮನೆಯ ಬಾತ್‌ರೂಮಿನದ್ದು ಯಾವ ಬಣ್ಣ?" ಎಂದು ಕೇಳಿದ ಕಫೀಲ.

"ಡಬ್ಬದ ಮೇಲೆ ಬರೆದ ಬಣ್ಣ" ಎಂದರು ಇವರು.

ಮೊದಲು ನಕ್ಕದ್ದು ಅಜ್ಜಿ. ಅವರು ಕೋಲು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕರು. ತಾಯಿ ನಕ್ಕ ಮೇಲೆ ಮಗ ನಗದೆ ಇರುವ ಹಾಗಿಲ್ಲ. "ಆ ಒಂದನ್ನು ಈಗಲೇ ಬದಲು ಮಾಡು. ಎದುರಿನ ಗೋಡೆಗೂ ಇಂಥದ್ದೇ ಬೇಕು, ಇವಳನ್ನೂ ಕರೆದುಕೊಂಡು ಬಾ" ಎಂದರು ಅಜ್ಜಿ. ಮಗ "ಹಾಜಿರ್", ಆಗಲಿ ಎಂದ, ಅಲ್ಲಿಗೆ ಮುಗಿಯಿತು.

ಇವರು ಉಳಿ ಸುತ್ತಿಗೆ ತೆಗೆದುಕೊಂಡು ಗೋಡೆಯ ಹತ್ತಿರ ಹೋದರು. ನನ್ನನ್ನು ಕರೆದರು. "ಯಾವುದು? ಬೆರಳಿಟ್ಟು ತೋರಿಸು."

ನಾನು ಇಟ್ಟೆ. ತೋರಿಸಿ ತೆಗೆಯಲು ಹೋದೆ.

"ತೆಗೀಬೇಡ. ಪಕ್ಕದ್ದು ಹಸಿರಾ?"

"ಹಸಿರು."

"ಇದು?"

"ಇದು ಜೇನು. ಇದೇ."

ಇವರ ಉಳಿಯ ಹತ್ತಿರ ಸುಳಿಯಲು ಯಾರಿಗೂ ಅಪ್ಪಣೆ ಇಲ್ಲ. ಕೆಲಸದವರೆಲ್ಲ ನೋಡುತ್ತಿದ್ದರು. ನನ್ನ ಬೆರಳಿನಿಂದ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ ಇವರು ಉಳಿ ಇಟ್ಟು ಹೊಡೆದರು, ಸಣ್ಣ ಸಣ್ಣ ಪೆಟ್ಟು. ಪಕ್ಕದ ಎಸಳಿಗೆ ಒಂದು ಗೀರೂ ಬೀಳಲಿಲ್ಲ. ಹೊಸ ಹಸಿರು ಎಸಳನ್ನು ನಾನು ಮೂರು ಸಲ ನೋಡಿ ಕೊಟ್ಟೆ.

ಕಾರಿನಲ್ಲಿ ಮನೆಗೆ ಹೊರಟೆವು. ನನಗೆ ನಾಚಿಕೆಯಾಗಿತ್ತು. ಹದಿನೆಂಟು ವರ್ಷ ನನಗೆ ಕೂಡ ಹೇಳದೆ ಬಚ್ಚಿಟ್ಟದ್ದನ್ನು ಈ ಮನುಷ್ಯ ಅನ್ನ ಕೊಡುವವನ ಎದುರಿಗೇ ಬಿಚ್ಚಿಟ್ಟರು, ನಾನು ಸುಮ್ಮನೆ ನಿಂತಿದ್ದೆ. ಡೈರಿಗಳ ಹುಲ್ಲುಗದ್ದೆ ದಾಟಿದ ಮೇಲೆ ಧೈರ್ಯ ಮಾಡಿ, "ಅದು ನಿಮ್ಮ ತಪ್ಪಲ್ಲ. ನಾನೇ ಅಕ್ಷರ ತಪ್ಪು ಬರೆದದ್ದು" ಎಂದೆ.

"ಗೊತ್ತುಂಟು" ಎಂದರು.

"ಹೇಗೆ ಗೊತ್ತು?"

"ಬರೆದದ್ದನ್ನು ಓದಿ ಹಾಕುವುದರಲ್ಲಿ ನನಗೆ ಇಷ್ಟು ವರ್ಷದಲ್ಲಿ ತಪ್ಪಿದ್ದುಂಟಾ? ನಾನು ಹಾಕಿದ್ದು ಸರಿ ಇದ್ದರೆ, ಬರೆದವಳದ್ದೇ ತಪ್ಪು."

"ಗೊತ್ತಿದ್ದೂ ಹಾಗೆ ಯಾಕೆ ಹೇಳಿದಿರಿ? ನಿಮ್ಮ ಕೆಲಸ ಹೋಗಿದ್ದರೆ?"

ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ ಕಣ್ಣು ಸರಿಯಿಲ್ಲ ಅಂತ ಅಷ್ಟು ಜನರ ಎದುರು ಆಗಿಹೋದರೆ, ನಾಳೆಯಿಂದ ನಾನು ಯಾರ ಕಣ್ಣಲ್ಲಿ ನೋಡುವುದು ಮಾರಾಯ್ತಿ?" ಎಂದರು.